ತಣ್ಣೀರಿನಲ್ಲಿ ಒಗೆದರೂ ಕುಗ್ಗುವ ಸ್ವೆಟರ್

"ತಣ್ಣೀರಿನಲ್ಲೇ ಒಗೆದದ್ದು ಸರ್, ಆದರೂ ಕುಗ್ಗಿಬಿಟ್ಟಿದೆ." ಬೆಂಗಳೂರಿನಲ್ಲಿ ಲಾಂಡ್ರಿ ನಡೆಸುವ ನನಗೆ ಚಳಿ ಶುರುವಾದರೆ ಈ ಮಾತು ತಪ್ಪಿದ್ದಲ್ಲ. ಕಳೆದ ಡಿಸೆಂಬರಿನಲ್ಲಿ ನಿವೃತ್ತ ಮೇಷ್ಟರೊಬ್ಬರು ತಾಯಿ ಹೆಣೆದುಕೊಟ್ಟ ಬೂದು ಸ್ವೆಟರನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ವಾಷಿಂಗ್ ಮಷೀನಿನಿಂದ ಹೊರಬಂದಾಗ ಅದು ಹತ್ತು ವರ್ಷದ ಹುಡುಗನ ಅಳತೆಗೆ ಬಂದಿತ್ತು. "ಎಳೆದು ಸರಿಮಾಡಿ ಕೊಡಿ" ಎಂದರು.

ಎಲ್ಲರೂ ಬಿಸಿನೀರನ್ನು ದೂರುತ್ತಾರೆ. ಉಣ್ಣೆಯನ್ನು ಕೆಡಿಸುವುದು ಉಜ್ಜಾಟ. ಬಿಸಿನೀರು, ಸೋಪಿನ ಕ್ಷಾರ ಎರಡೂ ಅದಕ್ಕೆ ಕುಮ್ಮಕ್ಕು ಕೊಡುತ್ತವೆ, ಅಷ್ಟೆ. ಉಣ್ಣೆಯ ಒಂದೊಂದು ಎಳೆಯ ಮೇಲೂ ಮೀನಿನ ಮೈಯಲ್ಲಿರುವಂಥ ಸಣ್ಣ ಹುರುಪೆಗಳಿವೆ. ಎಲ್ಲವೂ ತುದಿಯ ಕಡೆಗೇ ಮುಖಮಾಡಿವೆ. ನೆನೆದ ಎಳೆಗಳನ್ನು ತಿಕ್ಕಿದಾಗ ಅವು ಒಂದೇ ದಿಕ್ಕಿಗೆ ಸರಿಯುತ್ತವೆ, ಹುರುಪೆಗೆ ಹುರುಪೆ ಸಿಕ್ಕಿಕೊಂಡು ಹಿಂದಕ್ಕೆ ಬರಲಾರವು. ಬಾಚದ ಕೂದಲಿನಂತೆ ಬಟ್ಟೆ ಜಡೆಗಟ್ಟುತ್ತದೆ. ಮಷೀನು ತಣ್ಣೀರಿನಲ್ಲಿ ಗಿರಗಿರನೆ ತಿರುಗಿಸಿದರೂ ಆಗುವುದು ಇದೇ.

ನಂಬಿಕೆ ಬಾರದಿದ್ದರೆ ನಿಮ್ಮ ಹಳೆಯ ಉಣ್ಣೆ ಸ್ವೆಟರಿನ ಒಳಮೈಯನ್ನು ಹೊರಕ್ಕೆ ತಿರುಗಿಸಿ ಕಂಕುಳನ್ನು ಮುಟ್ಟಿ ನೋಡಿ. ಹೆಣಿಗೆಯ ಕಣ್ಣುಗಳು ಮುಚ್ಚಿಕೊಂಡು ಅಲ್ಲಿ ಮಾತ್ರ ರಟ್ಟಿನಂತೆ ಗಟ್ಟಿಯಾಗಿರುತ್ತದೆ. ಆ ಜಾಗಕ್ಕೆ ಯಾರೂ ಬೇರೆಯಾಗಿ ಬಿಸಿನೀರು ಸುರಿದಿಲ್ಲ. ಬೆವರಿನ ತೇವ, ತೋಳಿನ ತಿಕ್ಕಾಟ, ಇಷ್ಟೇ ಸಾಕಾಯಿತು.

ಮಷೀನಿಗೆ ಹಾಕಬಹುದೆಂದು ಚೀಟಿಯಲ್ಲಿ ಬರೆದಿದ್ದರೆ ನನ್ನ ಆಕ್ಷೇಪವಿಲ್ಲ. ಅಂಥ ಉಣ್ಣೆಯ ಹುರುಪೆಗಳನ್ನು ಮೊದಲೇ ಸವೆಸಿಯೋ ಲೇಪ ಕೊಟ್ಟೋ ಅಡಗಿಸಿರುತ್ತಾರೆ. ಉಣ್ಣೆಯೆಂದು ನೀವು ನಂಬಿದ್ದು ಅಕ್ರಿಲಿಕ್ ಎಂಬ ಕೃತಕ ನೂಲು ಕೂಡ ಆಗಿರಬಹುದು. ಒಳಹೊಲಿಗೆಯಿಂದ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್.

ಕೈಹೆಣಿಗೆಯದಕ್ಕೆ ಬಕೆಟ್ಟೇ ಸರಿ. ತೂತಿದ್ದರೆ ಮೊದಲು ರಫೂ ಮಾಡಿಸಿ, ನೀರಿಗಿಳಿದರೆ ತೂತು ಹಿಗ್ಗುತ್ತದೆ. ಅಂಟುವಾಳ ಕಾಯಿ ಕುದಿಸಿ ಸೋಸಿ ಆರಿಸಿದ ನೀರು, ಇಲ್ಲವೇ ಒಂದು ಚಮಚ ಶಾಂಪೂ ಸಾಕು. ಮಾಮೂಲಿ ಪುಡಿ ಬೇಡ. ಕಲೆ ತೆಗೆಯಲೆಂದು ಪ್ರೋಟೀನನ್ನು ಒಡೆಯುವ ಕಿಣ್ವಗಳು ಹಲವು ಪುಡಿಗಳಲ್ಲಿರುತ್ತವೆ, ಉಣ್ಣೆಯೂ ಪ್ರೋಟೀನೇ. ಹತ್ತು ನಿಮಿಷ ನೆನೆಸಿ, ಅಂಗೈಯಿಂದ ಮೆಲ್ಲಗೆ ಅದುಮಿ. ದಯವಿಟ್ಟು ಕುಕ್ಕಬೇಡಿ, ಹಿಂಡಬೇಡಿ. ಎರಡೂ ಕೈಗಳಲ್ಲಿ ಎಳೆಮಗುವಿನಂತೆ ಎತ್ತಿಕೊಳ್ಳಿ, ಒಣ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಿನಲ್ಲಿ ಚಾಪೆಯ ಮೇಲೆ ಹರಡಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೇ ಜೋಲುತ್ತದೆ.

ಮೇಷ್ಟರ ಸ್ವೆಟರನ್ನು ಕೂದಲಿನ ಕಂಡೀಷನರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆರಳಿನಿಂದ ಸ್ವಲ್ಪಸ್ವಲ್ಪವೇ ಹಿಗ್ಗಿಸಿ, ಹಲಗೆಗೆ ಪಿನ್ನು ಚುಚ್ಚಿ ಒಣಗಿಸಿದೆ. ಎದೆಯ ಬಳಿ ಎರಡು ಬೆರಳಿನಷ್ಟು ಅಗಲ ಸಿಕ್ಕಿತು. ತೋಳು ಅವರ ಮೊಣಕೈ ದಾಟಲಿಲ್ಲ. ಹಣ ಕೊಡಲು ಬಂದರು, ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.