ನೆಟ್ ಇದ್ದರೂ ಪಾಠ ತಲುಪದೇಕೆ?

ಆನ್‌ಲೈನ್ ಕೋರ್ಸ್ ಸೊರಗುತ್ತಿದೆ ಎಂದು ವಿಶ್ವವಿದ್ಯಾಲಯಗಳು ಸಲಹೆಗೆಂದು ನಮ್ಮಂಥವರನ್ನು ಕರೆಸುವಾಗ ಮೊದಲು ಕೇಳಿಬರುವ ದೂರು: 'ನಮ್ಮ ವಿದ್ಯಾರ್ಥಿಗಳಿಗೆ ನೆಟ್ ಸರಿಯಾಗಿ ಸಿಗಲ್ಲ.' ನಿಜವೇ. ಆದರೆ ಕೋರ್ಸ್ ತೆರೆದು ನೋಡಿದರೆ, ಸಿಗುವ ಅಷ್ಟಿಷ್ಟು ನೆಟ್ಟನ್ನೂ ಅದು ಪೋಲು ಮಾಡುತ್ತಿರುತ್ತದೆ.

ಲೆಕ್ಕ ಹಾಕಿ. ಸೆಕೆಂಡಿಗೆ 500 ಕಿಲೋಬಿಟ್‌ನಂತೆ ಒಂದು ಗಂಟೆ ವಿಡಿಯೊ ನೋಡಿದರೆ 225 ಎಂಬಿ ಖರ್ಚು. ಅದೇ ಪಾಠದ ದನಿಯನ್ನಷ್ಟೇ 24 ಕಿಲೋಬಿಟ್‌ನ ಓಪಸ್ ಫೈಲ್ (ದನಿಯನ್ನು ಕುಗ್ಗಿಸಿಡುವ ಒಂದು ಬಗೆ) ಮಾಡಿದರೆ 11 ಎಂಬಿ ಸಾಕು. ಮಾತು ಸ್ಪಷ್ಟವಾಗಿಯೇ ಕೇಳುತ್ತದೆ. ಜೊತೆಗೆ ಸ್ಲೈಡುಗಳ ಪಿಡಿಎಫ್ ಕೊಟ್ಟರೆ ಬಹುತೇಕ ಪಾಠಗಳಿಗೆ ಏನೂ ಕೊರತೆಯಾಗದು. ಮೇಷ್ಟರ ಮುಖ ಗಂಟೆಗಟ್ಟಲೆ ಕಾಣಿಸಲೇಬೇಕೆಂಬ ಹಟ ಯಾಕೋ! ಪ್ರಯೋಗ ಮಾಡಿ ತೋರಿಸುವ ಮೂರ್ನಾಲ್ಕು ನಿಮಿಷಕ್ಕೆ ವಿಡಿಯೊ ಇರಲಿ. ಲೈವ್ ತರಗತಿಗೆ ಹಾಜರಿ ಕಡ್ಡಾಯ ಮಾಡುವುದನ್ನಂತೂ ಬಿಟ್ಟೇಬಿಡಬೇಕು. ಮನೆಯಲ್ಲಿರುವ ಒಂದೇ ಫೋನು ಆ ಹೊತ್ತಿಗೆ ಯಾರ ಕೈಯಲ್ಲಿರುತ್ತದೋ ಯಾರಿಗೆ ಗೊತ್ತು?

ಆನ್‌ಲೈನ್ ಕೋರ್ಸ್ ನಡೆಸುವ ಮೂಡಲ್ (Moodle) ಎಂಬ ತಂತ್ರಾಂಶ ಬಳಸುವ ಕಡೆ ಇನ್ನೊಂದು ವಿಚಿತ್ರ ಕಾಣುತ್ತದೆ. ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠ ಇಳಿಸಿಟ್ಟುಕೊಳ್ಳಬಹುದು, ನೆಟ್ ಇಲ್ಲದಾಗಲೂ ಕ್ವಿಜ್ ಉತ್ತರಿಸಿ ಆಮೇಲೆ ಸಿಂಕ್ ಮಾಡಬಹುದು. ಆದರೆ ಕ್ವಿಜ್ ಸೆಟ್ಟಿಂಗ್ಸ್‌ನಲ್ಲಿ ಅಧ್ಯಾಪಕರು ಅದಕ್ಕೆ ಅನುಮತಿ ಕೊಟ್ಟಿರಬೇಕು. ಇಷ್ಟೇ ನಿಮಿಷ ಎಂದು ಸಮಯ ಕಟ್ಟಿದ ಕ್ವಿಜ್‌ಗೆ ಆ ಸೌಲಭ್ಯವೇ ಇಲ್ಲ. ನಕಲು ತಡೆಯಲೆಂದು ಸಮಯ ಕಟ್ಟುತ್ತಾರೆ. ಹೊರಗುಳಿಯುವವರು ನೆಟ್ ಇಲ್ಲದವರು. ಪ್ರಶ್ನೆಕೋಶ ದೊಡ್ಡದು ಮಾಡಿ, ಒಬ್ಬೊಬ್ಬರಿಗೆ ಬೇರೆ ಬೇರೆ ಪ್ರಶ್ನೆ ಬರುವಂತೆ ಮಾಡಿದರಾಯಿತು.

ಡೇಟಾ ಖರ್ಚಿನ ವಿಷಯಕ್ಕೆ ಬಂದರೆ, 2020ರಲ್ಲಿ ದಕ್ಷಿಣ ಆಫ್ರಿಕಾದ ಮೊಬೈಲ್ ಕಂಪನಿಗಳು ವಿಶ್ವವಿದ್ಯಾಲಯಗಳ ಜಾಲತಾಣಗಳಿಗೆ ಡೇಟಾ ಶುಲ್ಕ ಮನ್ನಾ ಮಾಡಿದವು. ಒಳ್ಳೆಯ ಕೆಲಸ. ಆದರೆ ಇಂಥ ವಿನಾಯಿತಿ ಪಟ್ಟಿಯಲ್ಲಿರುವ ವಿಳಾಸಗಳಿಗಷ್ಟೇ. ಕೋರ್ಸ್ ಪುಟದೊಳಗೇ ಯೂಟ್ಯೂಬ್ ವಿಡಿಯೊ ಕೂರಿಸಿದ್ದರೂ ಅದು ಬರುವುದು ಬೇರೆ ಸರ್ವರ್‌ನಿಂದ; ಉಚಿತ ಎಂದುಕೊಂಡು ನೋಡಿದವರಿಗೆ ಡೇಟಾ ಪ್ಯಾಕ್ ಖಾಲಿಯಾದಾಗಲೇ ಗೊತ್ತಾಗುವುದು. ಕಂಪನಿಯ ಜೊತೆ ಒಪ್ಪಂದಕ್ಕೆ ಕೂರುವ ಮುಂಚೆ ಯಾವ ಫೈಲ್ ಎಲ್ಲಿದೆ ಎಂದು ಪಟ್ಟಿ ಮಾಡಿಸಿ, ಆದಷ್ಟನ್ನೂ ಸ್ವಂತ ಸರ್ವರ್‌ಗೆ ತಂದುಕೊಳ್ಳಿ.

ಕೋರ್ಸ್ ಶುರುವಾಗುವ ಮುನ್ನ ಕ್ಯಾಂಪಸ್ ವೈಫೈ ಬಿಟ್ಟು, ಅಗ್ಗದ ಫೋನೊಂದರಲ್ಲಿ, ಮೊಬೈಲ್ ಡೇಟಾದಲ್ಲೇ ಒಂದು ವಾರದ ಪಾಠವನ್ನು ಅಧ್ಯಾಪಕರೇ ಮುಗಿಸಿ ನೋಡಲಿ ಎನ್ನುತ್ತೇನೆ. ಬಹಳ ಮಂದಿಗೆ ಇದು ಇಷ್ಟವಾಗುವುದಿಲ್ಲ. ಅವರನ್ನೂ ದೂರುವಂತಿಲ್ಲ: ಕೋರ್ಸ್ ತಯಾರಿಯ ಗಂಟೆಗಳನ್ನು ಕಾರ್ಯಭಾರದಲ್ಲಿ ಲೆಕ್ಕಕ್ಕೇ ಹಿಡಿಯದ ಕಡೆ, ಹಳೆಯ ಉಪನ್ಯಾಸವನ್ನೇ ಕ್ಯಾಮೆರಾ ಮುಂದೆ ಒಪ್ಪಿಸಿ ಹೋಗುವುದು ಅವರಿಗೆ ಉಳಿದ ದಾರಿ.