ಏಳು ಬೋಗಿ ಉದ್ದದ ಹಡಗು ರೇಡಾರ್‌ಗೆ ಕಾಣಲ್ಲ ಅಂದರೆ ಹೇಗೆ?

ಪ್ರಶ್ನೆ: ಐಎನ್ಎಸ್ ವಿಶಾಖಪಟ್ಟಣಂ ಹಡಗು 163 ಮೀಟರ್ ಉದ್ದ, 7,400 ಟನ್ ಅಂತ ಓದಿದೆ. ಅಷ್ಟು ದೊಡ್ಡ ಉಕ್ಕಿನ ಹಡಗು ರೇಡಾರ್‌ಗೆ ಕಾಣುವುದಿಲ್ಲ ಅಂತಾರಲ್ಲ, ನಿಜವಾ? ಬಣ್ಣದಲ್ಲಿ ಏನಾದರೂ ಬೆರೆಸಿರುತ್ತಾರಾ?
(ಶಿರಾದ ಒಬ್ಬ ಪಿಯುಸಿ ವಿದ್ಯಾರ್ಥಿ)

ತುಮಕೂರಿನಲ್ಲಿ ಕೂತು ಸಮುದ್ರದ ಮಾತಾಡೋದು ಸ್ವಲ್ಪ ತಮಾಷೆಯೇ. ನಮಗೆ ದೊಡ್ಡ ನೀರು ಅಂದರೆ ಅಮಾನಿಕೆರೆ. ಆದರೂ ಪ್ರಶ್ನೆ ಚೆನ್ನಾಗಿದೆ. 163 ಮೀಟರ್ ಅಂದರೆ ಬೆಂಗಳೂರು ರೈಲಿನ ಸುಮಾರು ಏಳು ಬೋಗಿ. ಅದು ಮಾಯವಾಗಲು ಹೇಗೆ ಸಾಧ್ಯ?

ಮಾಯವಾಗುವುದಿಲ್ಲ. ಕಾಣುತ್ತದೆ. ಆದರೆ ಚಿಕ್ಕದಾಗಿ ಕಾಣುತ್ತದೆ, ತಡವಾಗಿ ಕಾಣುತ್ತದೆ. ಸ್ಟೆಲ್ತ್ ಅಂದರೆ ಅಷ್ಟೇ. ಅದರ ಗುಟ್ಟು ಬಣ್ಣಕ್ಕಿಂತ ಜಾಸ್ತಿ ಇರುವುದು ಓರೆಯಲ್ಲಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಲೈಟ್ ಆರಿಸಿ, ಹೊಳೆಯುವ ಸ್ಟೀಲ್ ತಟ್ಟೆಯನ್ನು ಗೋಡೆಗೆ ನೆಟ್ಟಗೆ ಆನಿಸಿ. ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕ ಹಿಡಿದು ಅದರ ಮೇಲೆ ಬಿಡಿ. ಕಣ್ಣು ಕುಕ್ಕುತ್ತದೆ. ಈಗ ತಟ್ಟೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ. ಬೆಳಕು ಸೂರಿಗೆ ಹೋಯಿತು, ತಟ್ಟೆ ಕಪ್ಪಾಯಿತು. ತಟ್ಟೆ ಅದೇ, ಟಾರ್ಚೂ ಅದೇ. ರೇಡಾರ್ ಕೂಡ ಟಾರ್ಚಿನ ಹಾಗೇ: ಅಲೆ ಬಿಡುತ್ತದೆ, ವಾಪಸ್ ಬಂದದ್ದನ್ನು ನೋಡುತ್ತದೆ. ಅಲೆ ಬೇರೆ ಕಡೆ ಜಾರಿಹೋದರೆ ಅದಕ್ಕೆ ಏನೂ ಸಿಗುವುದಿಲ್ಲ. ಹೊಸ ಡಿಸ್ಟ್ರಾಯರ್‌ಗಳ (ವಿಶಾಖಪಟ್ಟಣಂನಂಥ ದೊಡ್ಡ ಯುದ್ಧನೌಕೆಗಳ) ಪಕ್ಕದ ಗೋಡೆಗಳು ಓರೆಯಾಗಿರುವುದು ಇದಕ್ಕೇ.

ಆದರೆ ತಟ್ಟೆಯನ್ನು ಇನ್ನೊಮ್ಮೆ ನೋಡಿ. ಎಷ್ಟು ವಾಲಿಸಿದರೂ ಅಂಚು ಮತ್ತು ತಳ ಸೇರುವ ಜಾಗದಲ್ಲಿ ಒಂದು ಚುಕ್ಕೆ ಮಿನುಗುತ್ತಲೇ ಇರುತ್ತದೆ, ಅಲ್ವಾ? ಹಡಗು ಕಟ್ಟುವವರ ನಿಜವಾದ ತಲೆನೋವು ಆ ಮೂಲೆ. ಎರಡು ಮೂರು ಮೈಗಳು ಒಂದಕ್ಕೊಂದು ಲಂಬವಾಗಿ ಕೂಡಿದ ಮೂಲೆಗೆ ಬಿದ್ದದ್ದು ಒಳಗೇ ಪುಟಿದು, ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಲಾರಿ ಹಿಂದಿನ ಕೆಂಪು ರಿಫ್ಲೆಕ್ಟರ್ ಬಿಚ್ಚಿ ನೋಡಿದರೆ ಒಳಗೆ ಇಂಥ ಪುಟ್ಟ ಮೂಲೆಗಳದ್ದೇ ಸಾಲು. ಒಂದು ರಾತ್ರಿ ಶಿರಾ ರಸ್ತೆಯಲ್ಲಿ ಹಿಂದಿನ ಲೈಟ್ ಇಲ್ಲದೆ ನಿಂತಿದ್ದ ಲಾರಿಗೆ ನನ್ನ ಬೈಕು ಗುದ್ದಬೇಕಿತ್ತು. ಉಳಿಸಿದ್ದು ಆ ಅಂಗೈಯಗಲದ ಪ್ಲಾಸ್ಟಿಕ್ಕು. ಲಾರಿಯೇ ಕಾಣಲಿಲ್ಲ, ಅದು ಮಾತ್ರ ಕಂಡಿತು.

ಹಳೆಯ ಯುದ್ಧನೌಕೆಗಳ ಮೈತುಂಬ ಇಂಥ ರಿಫ್ಲೆಕ್ಟರ್‌ಗಳೇ. ಕಂಬಿ, ಏಣಿ, ದೋಣಿ, ಕ್ಷಿಪಣಿ ಪೆಟ್ಟಿಗೆ, ಗೋಡೆ-ಡೆಕ್ ಕೂಡುವ ಮೂಲೆ. 1997ರ ಐಎನ್ಎಸ್ ದೆಹಲಿ ಮತ್ತು 2021ರ ವಿಶಾಖಪಟ್ಟಣಂ, ಎರಡರ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು ಸಾಮಾನು ಹೇರಿದ ಅಟ್ಟದ ಹಾಗಿದೆ. ಎರಡನೆಯದರಲ್ಲಿ 16 ಬ್ರಹ್ಮೋಸ್, 32 ಬರಾಕ್-8 ಕ್ಷಿಪಣಿಗಳು ಡೆಕ್ಕಿನ ಕೆಳಗೆ ಮುಚ್ಚಳದೊಳಗಿವೆ. ಮುಂದಿನ ದಪ್ಪ ಗೋಪುರಕ್ಕೆ ನಾಲ್ಕು ಚಪ್ಪಟೆ ರೇಡಾರ್ ಫಲಕಗಳು ಅಂಟಿಕೊಂಡಿವೆ. ಹಾಗಂತ ಪೂರ್ತಿ ನುಣುಪಲ್ಲ. ಹಿಂಭಾಗದಲ್ಲಿ ತಿರುಗುವ ದೊಡ್ಡ ಆಂಟೆನಾ ಇನ್ನೂ ಇದೆ.

ಬಣ್ಣದ ವಿಷಯ: ರೇಡಾರ್ ಅಲೆಯನ್ನು ಹೀರಿ ಬಿಸಿಯಾಗಿ ಬದಲಿಸುವ ಲೇಪಗಳು ಇವೆ. ಆದರೆ ಅವು ತೂಕ, ಮತ್ತೆ ಉಪ್ಪುನೀರು ಯಾವುದನ್ನೂ ಸುಮ್ನೆ ಬಿಡುವುದಿಲ್ಲ. ಹಾಗಾಗಿ ಆಕಾರದಿಂದ ಸರಿಹೋಗದ ಜಾಗಗಳಿಗೆ ತೇಪೆ ಹಾಕಿದ ಹಾಗೆ ಬಳಸುತ್ತಾರೆ.

ಈ ಓರೆಯನ್ನು ತುದಿಗೆ ಕೊಂಡೊಯ್ದದ್ದು ಅಮೆರಿಕದ ಯುದ್ಧನೌಕೆ ಜುಮ್‌ವಾಲ್ಟ್. ಸುಮಾರು 186 ಮೀಟರ್ ಉದ್ದ, ಗೋಡೆಗಳು ಮೇಲೆ ಹೋದಂತೆ ಒಳಕ್ಕೆ ವಾಲಿವೆ. 2015ರ ಕೊನೆಗೆ ಪರೀಕ್ಷೆಗೆ ಮೊದಲ ಸಲ ಸಮುದ್ರಕ್ಕೆ ಹೊರಟಾಗ ಅಲ್ಲಿನ ಮೀನುಗಾರರೊಬ್ಬರ ರೇಡಾರ್‌ನಲ್ಲಿ ಅದು ಮೀನುದೋಣಿಯಷ್ಟೇ ಕಂಡಿತಂತೆ. ಬೇರೆ ಹಡಗು ಬಂದು ಗುದ್ದದಿರಲಿ ಅಂತ ಮಂಜಿನ ದಿನಗಳಿಗೆ ರಿಫ್ಲೆಕ್ಟರ್ ತೂಗುಹಾಕುವ ಏರ್ಪಾಡು ಮಾಡಬೇಕಾಯಿತು. ಮತ್ತೆ ನಮ್ಮ ಲಾರಿಗೇ ಬಂದೆವು ನೋಡಿ. ಇಂಥ 32 ಹಡಗು ಕಟ್ಟುವ ಯೋಚನೆಯಿತ್ತು, ಕಟ್ಟಿದ್ದು ಮೂರು. ದುಡ್ಡು ಅಷ್ಟು ನುಂಗಿತು. ನನ್ನ ಕೇಳಿದರೆ ವಿಶಾಖಪಟ್ಟಣಂನ ಅರೆಬರೆ ಸ್ಟೆಲ್ತೇ ಬುದ್ಧಿವಂತಿಕೆ.

ಇಷ್ಟು ಕಷ್ಟಪಟ್ಟು ಸಿಗುವುದೇನು? ಲೆಕ್ಕ ಸ್ವಲ್ಪ ಜಿಪುಣ. ಅಲೆ ಹೋಗುವಾಗಲೂ ಹರಡುತ್ತದೆ, ಬರುವಾಗಲೂ ಹರಡುತ್ತದೆ. ಹಾಗಾಗಿ ಹಡಗಿನ ಪ್ರತಿಫಲನವನ್ನು 16ರಲ್ಲಿ ಒಂದು ಪಾಲಿಗೆ ಇಳಿಸಿದರೆ, ಅದು ಕಾಣುವ ದೂರ ಬರೀ ಅರ್ಧ ಆಗುತ್ತದೆ.

ಆದರೆ ನಿಜವಾದ ಲಾಭ ಕ್ಷಿಪಣಿ ಬರುವಾಗ. ಭೂಮಿ ಗುಂಡಗಿದೆ. ನೀರಿನಿಂದ 5 ಮೀಟರ್ ಮೇಲೆ ಹಾರುವ ಕ್ಷಿಪಣಿ, 25 ಮೀಟರ್ ಎತ್ತರದ ರೇಡಾರ್‌ಗೆ ಸುಮಾರು 30 ಕಿಲೋಮೀಟರ್ ಹತ್ತಿರ ಬಂದಮೇಲೇ ಸಿಗುವುದು. ತುಮಕೂರಿನಿಂದ ಗುಬ್ಬಿ ಊರು ದಾಟಿ ಹೋದಷ್ಟು ದೂರ. ಬ್ರಹ್ಮೋಸ್‌ನಂಥ ವೇಗದ್ದಾದರೆ ಅರ್ಧ ನಿಮಿಷದ ದಾರಿ. ಆಗ ಹಡಗು ಚಾಫ್ ಹಾರಿಸುತ್ತದೆ: ಅಲ್ಯೂಮಿನಿಯಂ ಲೇಪಿಸಿದ, ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳ ಮೋಡ. ಕ್ಷಿಪಣಿಯ ಮೂತಿಯಲ್ಲಿರುವ ರೇಡಾರ್‌ಗೆ ಎರಡು ಚುಕ್ಕೆ ಕಾಣುತ್ತವೆ. ಹಡಗಿನ ಚುಕ್ಕೆ ಚಿಕ್ಕದಿದ್ದಷ್ಟೂ ಅದು ಮೋಡದ ಕಡೆ ತಿರುಗುವುದು ಸುಲಭ.

ರೇಡಾರ್ ಒಂದೇ ಅಲ್ಲ, ಬಿಸಿ, ಸದ್ದು ಕೂಡ ಸುಳಿವು ಕೊಡುತ್ತವೆ. ಟರ್ಬೈನ್ ಹೊಗೆಗೆ ತಣ್ಣನೆ ಗಾಳಿ ಬೆರೆಸುತ್ತಾರೆ. ಸದ್ದು ನೀರಿಗಿಳಿಯದಂತೆ ಯಂತ್ರಗಳನ್ನು ರಬ್ಬರ್ ಮೇಲೆ ಕೂರಿಸುತ್ತಾರೆ.

ಇಷ್ಟೆಲ್ಲ ಮಾಡಿ ಹಡಗು ತನ್ನ ರೇಡಾರ್ ಹಾಕಿತೋ, ಕತ್ತಲಲ್ಲಿ ಅಡಗಿ ಕೂತು ಟಾರ್ಚ್ ಹಚ್ಚಿದ ಹಾಗೆ. ಅದರ ಅಲೆ ಹಿಡಿದು ಜಾಗ ಹೇಳಿಬಿಡಬಹುದು. ಅದಕ್ಕೇ ಎಷ್ಟೋ ಸಲ ರೇಡಾರ್ ಆರಿಸಿಕೊಂಡು ಸಾಗುತ್ತಾರೆ. ಆಗ ಸುತ್ತ ನೋಡುವ ಕೆಲಸ ತಮಿಳುನಾಡಿನ ಅರಕ್ಕೋಣಂ ನೌಕಾ ವಾಯುನೆಲೆಯಿಂದ ಹಾರುವ ಪಿ-8ಐನಂಥ ಗಸ್ತು ವಿಮಾನಗಳದ್ದು.