ಕಾರವಾರದ ನೆಲಮಾಳಿಗೆಯಲ್ಲಿ ಬಿಯರ್ ಎಷ್ಟು ವರ್ಷ ಉಳಿದೀತು?

ಕರಾವಳಿಯಲ್ಲಿ ಹೋಂಸ್ಟೇ, ರೆಸಾರ್ಟ್ ಕಟ್ಟುವವರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ. "ಚಿರೆಕಲ್ಲು ಕಡಿದು ಹದಿನೈದು ಅಡಿ ಆಳಕ್ಕೆ ಒಂದು ಕೋಣೆ ಮಾಡಿಸ್ತಾ ಇದ್ದೇವೆ. ಅಲ್ಲಿ ಬಿಯರ್ ಇಟ್ಟರೆ ಎಷ್ಟು ವರ್ಷ ಮಾಗಿಸಬಹುದು?" ಅಷ್ಟರಲ್ಲಿ ನಕ್ಷೆ ತಯಾರಾಗಿರುತ್ತದೆ, ಮೇಸ್ತ್ರಿಗೆ ಮುಂಗಡ ಹೋಗಿರುತ್ತದೆ, ಕೆಲವು ಕಡೆ ಓಕ್ ಪೀಪಾಯಿಯೂ ಬಂದು ಕೂತಿರುತ್ತದೆ. ಆ ನೆಲದ ಉಷ್ಣಾಂಶ ಎಷ್ಟು ಎಂದು ಅಳೆದವರು ಮಾತ್ರ ಸಿಗುವುದಿಲ್ಲ.

ಪರವಾನಗಿ, ದಾಸ್ತಾನಿನ ಮಿತಿ, ಗಡಿಯಾಚೆಯಿಂದ ತರುವ ನಿಯಮ ಇವನ್ನೆಲ್ಲ ಅಬಕಾರಿ ಕಚೇರಿಯಲ್ಲೇ ಕೇಳಿಕೊಳ್ಳಿ. ನಾನು ಹೇಳುವುದು ಉಷ್ಣಾಂಶದ ವಿಷಯ.

ಭೂಮಿಯೊಳಗೆ ಹೋದಷ್ಟೂ ತಂಪು ಎಂಬುದು ಅರ್ಧ ಸತ್ಯ. ಐದಾರು ಮೀಟರ್ ಆಳದಲ್ಲಿ ನೆಲದ ಉಷ್ಣಾಂಶ ಆ ಊರಿನ ವರ್ಷದ ಸರಾಸರಿ ಗಾಳಿಯ ಉಷ್ಣಾಂಶಕ್ಕೆ ಹೆಚ್ಚುಕಡಿಮೆ ಸಮನಾಗಿ ನಿಲ್ಲುತ್ತದೆ. ಬ್ರಸೆಲ್ಸ್‌ನಲ್ಲಿ ಆ ಸರಾಸರಿ 11 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಮ್ಯೂನಿಕ್‌ನಲ್ಲಿ ಇನ್ನೂ ಕಡಿಮೆ. ಅಲ್ಲಿನವರು ನೆಲ ತೋಡಿದರೆ ಬಿಯರ್ ಮಾಗಲು ಬೇಕಾದ 10-13 ಡಿಗ್ರಿ ಪುಕ್ಕಟೆಯಾಗಿ ಸಿಗುತ್ತದೆ. ಕಾರವಾರದ ಸರಾಸರಿ 27 ಡಿಗ್ರಿ ಸಮೀಪ. ಇಲ್ಲಿ ಹದಿನೈದಲ್ಲ, ಮೂವತ್ತು ಅಡಿ ತೋಡಿದರೂ ಸಿಗುವುದು ಅದೇ 27. ಘಟ್ಟ ಹತ್ತಿ ಶಿರಸಿಗೆ ಹೋದರೆ ಎರಡು ಮೂರು ಡಿಗ್ರಿ ಇಳಿಯಬಹುದು, ಅದರಾಚೆ ಇಲ್ಲ.

ನಂಬಿಕೆ ಬಾರದಿದ್ದರೆ ನಿಮ್ಮದೇ ಹಿತ್ತಲ ಬಾವಿಯನ್ನು ನೋಡಿ. ಜನವರಿಯ ನಸುಕಿನಲ್ಲಿ ಸೇದಿದ ನೀರು ಕೈಗೆ ಬೆಚ್ಚಗೆ ಹತ್ತುತ್ತದೆ, ಏಪ್ರಿಲ್ ಮಧ್ಯಾಹ್ನ ಅದೇ ನೀರು ತಣ್ಣಗೆ ಹಿತ ಎನಿಸುತ್ತದೆ. ಬದಲಾಗಿದ್ದು ಹೊರಗಿನ ಗಾಳಿ, ನೀರಲ್ಲ. ಹಗ್ಗಕ್ಕೆ ಥರ್ಮಾಮೀಟರ್ ಕಟ್ಟಿ ಇಳಿಸಿ ಹತ್ತು ನಿಮಿಷ ಬಿಟ್ಟು ಎತ್ತಿ. ಅದು ತೋರಿಸುವ ಅಂಕಿಯೇ ನಿಮ್ಮ ನೆಲಮಾಳಿಗೆಯ ಅಂಕಿ. ಜೊತೆಗೆ ಆಷಾಢದಲ್ಲಿ ಬಾವಿಯ ನೀರು ಎಷ್ಟು ಮೇಲೆ ಬರುತ್ತದೆ ಎಂಬುದನ್ನೂ ಗುರುತು ಮಾಡಿಕೊಳ್ಳಿ. ಚಿರೆಕಲ್ಲು ಜರಡಿಯ ಹಾಗೆ ನೀರು ಬಿಡುತ್ತದೆ, ಕೋಣೆಗೆ ಎಷ್ಟು ಸಿಮೆಂಟ್ ಬಳಿದರೂ ಒರತೆ ದಾರಿ ಹುಡುಕಿಕೊಳ್ಳುತ್ತದೆ.

ಇಷ್ಟು ಹೇಳಿದ ಕೂಡಲೇ ಮರುಪ್ರಶ್ನೆ ಬರುತ್ತದೆ: "ಬಿಸಿಯಿದ್ದರೆ ಬೇಗ ಮಾಗುತ್ತದಲ್ಲ, ಹತ್ತು ವರ್ಷದ ಕೆಲಸ ಮೂರು ವರ್ಷಕ್ಕೆ ಆದರೆ ಒಳ್ಳೆಯದೇ ಅಲ್ಲವೇ?" ಕೇಳುವವರು ಲೆಕ್ಕ ಬಲ್ಲವರು, ಹಾಗಾಗಿ ಬಿಡಿಸಿಯೇ ಹೇಳಬೇಕು. ಉಷ್ಣಾಂಶ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ ಎಂಬುದು ನಿಜ. ಆದರೆ ಎಲ್ಲವೂ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ನಮಗೆ ಬೇಕಾದ ಒಣದ್ರಾಕ್ಷಿ, ಖರ್ಜೂರದಂಥ ಪರಿಮಳ, ಮದ್ಯದ ಖಾರ ತಗ್ಗಿ ನಯವಾಗುವುದು, ಇವೆಲ್ಲ ನಿಧಾನದ ಕೆಲಸ. ಬೇಡವಾದದ್ದು ಬಿಸಿಯಲ್ಲಿ ಓಡಿ ಮುಂದೆ ಹೋಗುತ್ತದೆ. ಟ್ರಾನ್ಸ್-2-ನೊನೆನಾಲ್ ಎಂಬ ಆಲ್ಡಿಹೈಡ್ ಒದ್ದೆ ರಟ್ಟಿನ ರುಚಿ ತರುತ್ತದೆ. ತಳದಲ್ಲಿ ಯೀಸ್ಟ್ ಉಳಿಸಿ ತುಂಬಿದ ಬಾಟಲಿಯಾದರೆ ಆ ಯೀಸ್ಟ್ ಕೋಶಗಳು ಒಡೆದು ಸೋಯಾ ಸಾಸ್ ವಾಸನೆ ಬಿಡುತ್ತವೆ. ಬಿಯರಿಗೆ ಕಹಿ, ಪರಿಮಳ ಕೊಡುವ ಹೂವಾದ ಹಾಪ್ಸ್‌ನ ಕಹಿ ಇಳಿದು, ನಾಲಿಗೆಯ ಮೇಲೆ ಅಂಟು ಸಿಹಿಯೊಂದೇ ನಿಲ್ಲುತ್ತದೆ. ಮೂರು ವರ್ಷದಲ್ಲಿ ಬಿಯರ್ ಮುದಿಯಾಗಿರುತ್ತದೆ, ಮಾಗಿರುವುದಿಲ್ಲ.

ಬಿಯರ್ ವ್ಯಾಪಾರದಲ್ಲಿ 3-30-300 ಎಂಬ ಸ್ಥೂಲ ಸೂತ್ರವೊಂದಿದೆ. 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ ಇಟ್ಟರೆ ತಾಜಾತನಕ್ಕೆ ಆಗುವ ಪೆಟ್ಟು ಬಹುತೇಕ ಒಂದೇ. ಇದು ಪ್ರಯೋಗಾಲಯದ ನಿಯಮವಲ್ಲ, ಅಂದಾಜಿನ ಲೆಕ್ಕ. ಆದರೂ ಮೇ ತಿಂಗಳಲ್ಲಿ ತಗಡಿನ ಸೂರಿನ ಗೋದಾಮಿನಲ್ಲಿ ಪೆಟ್ಟಿಗೆ ಪೇರಿಸಿಡುವವರು ಇದನ್ನೊಮ್ಮೆ ಗೋಡೆಗೆ ಬರೆದುಕೊಳ್ಳಬೇಕು.

ಎರಡನೆಯ ತಪ್ಪು ತಿಳಿವಳಿಕೆ "ಸ್ಟ್ರಾಂಗ್" ಎಂಬ ಲೇಬಲ್ಲಿನ ಬಗ್ಗೆ. ಮದ್ಯಾಂಶ ಹೆಚ್ಚಿದ್ದರೆ ಬಿಯರ್ ಬಾಳುತ್ತದೆ ಎಂದು ಎಲ್ಲೋ ಓದಿ, ನಮ್ಮ ಅಂಗಡಿಯ ಶೇ 7-8ರ ಸ್ಟ್ರಾಂಗ್ ಬಿಯರನ್ನು ಕಪಾಟಿನಲ್ಲಿ ಕೂಡಿಡುವವರಿದ್ದಾರೆ. ಅದು ಸಾಮಾನ್ಯವಾಗಿ ಅಕ್ಕಿ ಅಥವಾ ಸಕ್ಕರೆ ಬೆರೆಸಿ ಮೈ ಹಗುರ ಮಾಡಿದ, ಸೋಸಿದ, ಪಾಶ್ಚರೀಕರಿಸಿದ ಲಾಗರ್, ಅಂದರೆ ತಂಪಿನಲ್ಲಿ ಹುದುಗಿಸಿದ ತಿಳಿ ಬಿಯರ್. ಮಾಗಲು ಬೇಕಾದ ಸರಕೇ ಅದರಲ್ಲಿಲ್ಲ, ಬಾಟಲಿಯೊಳಗಿನ ಆಮ್ಲಜನಕವನ್ನು ತಿಂದುಹಾಕುವ ಯೀಸ್ಟೂ ಇಲ್ಲ. ತಯಾರಾದ ದಿನವೇ ಅದರ ಅತ್ಯುತ್ತಮ ದಿನ. ಲೇಬಲ್ಲಿನ ಮೇಲೆ ಆರು ತಿಂಗಳು ಎಂದಿದ್ದರೂ, ತಂಪಿನಲ್ಲಿಟ್ಟು ಮೂರು ತಿಂಗಳೊಳಗೆ ಮುಗಿಸುವುದು ಲೇಸು. ಹಾಪ್ಸ್ ಪರಿಮಳವೇ ಜೀವಾಳವಾದ ಐಪಿಎ (ಇಂಡಿಯಾ ಪೇಲ್ ಏಲ್) ಕೂಡ ಹಾಗೆಯೇ. ಹಿಂದೆ ಇಂಗ್ಲೆಂಡಿನಿಂದ ಭಾರತಕ್ಕೆ ಹಡಗಿನಲ್ಲಿ ತಿಂಗಳುಗಟ್ಟಲೆ ಬರುತ್ತಿತ್ತಲ್ಲ ಎಂದು ವಾದಿಸುವವರಿಗೆ, ಆ ಬಿಯರೇ ಬೇರೆ, ಇಂದಿನದೇ ಬೇರೆ. ಮೈಕ್ರೋಬ್ರೂವರಿಯಿಂದ ಡಬ್ಬಿಯಲ್ಲಿ ತುಂಬಿಸಿ ತಂದ ತಾಜಾ ಬಿಯರ್ ಫ್ರಿಜ್‌ನಲ್ಲಿ ಎರಡು ಮೂರು ದಿನ, ಅಷ್ಟೇ.

ನಿಜವಾಗಿ ಮಾಗುವವು ಕೆಲವೇ. ಶೇ 9ರಿಂದ 12ರ ಇಂಪೀರಿಯಲ್ ಸ್ಟೌಟ್ ಎಂಬ ಗಾಢ ಕಪ್ಪು ಬಿಯರ್ 12 ಡಿಗ್ರಿಯಲ್ಲಿ ಮೂರರಿಂದ ಐದು ವರ್ಷ ಚೆನ್ನಾಗಿರುತ್ತದೆ. ಬಾರ್ಲಿವೈನ್ ಎಂಬ ಕಡು ಬಿಯರ್ ಹತ್ತು ವರ್ಷ ದಾಟಬಹುದು. 1968ರಲ್ಲಿ ಇಂಗ್ಲೆಂಡಿನ ಡಾರ್ಚೆಸ್ಟರ್‌ನಲ್ಲಿ ತಯಾರಾದ ಥಾಮಸ್ ಹಾರ್ಡೀಸ್ ಏಲ್ ಎಂಬ ಬಾರ್ಲಿವೈನ್ 25 ವರ್ಷ ಬಾಳುತ್ತದೆಂದೇ ಹೇಳಿಕೊಂಡಿತ್ತು. ಶಿಮೇ ಬ್ಲೂ, ರೋಶ್‌ಫೋರ್ 10ರಂಥ ಬೆಲ್ಜಿಯಂ ಮಠಗಳ ಕಪ್ಪು ಏಲ್‌ಗಳು ಐದರಿಂದ ಹತ್ತು ವರ್ಷ. ಹುಳಿ ಬಿಯರ್ ಗೂಜ್ ಇನ್ನೂ ಹೆಚ್ಚು ತಾಳುತ್ತದೆ, ಏಕೆಂದರೆ ಅದರೊಳಗಿನ ಬ್ರೆಟಾನೊಮೈಸಿಸ್ ಎಂಬ ಯೀಸ್ಟ್ ವರ್ಷಗಟ್ಟಲೆ ಜೀವಂತವಾಗಿದ್ದು ಆಮ್ಲಜನಕವನ್ನು ಹೀರುತ್ತಿರುತ್ತದೆ. ಒಂದು, ಎರಡು, ಮೂರು ವರ್ಷ ಪೀಪಾಯಿಯಲ್ಲಿದ್ದ, ತಾನಾಗಿ ಹುದುಗಿದ ಹುಳಿ ಬಿಯರ್ ಲ್ಯಾಂಬಿಕ್‌ಗಳನ್ನು ಬೆರೆಸಿ ಅದನ್ನು ತಯಾರಿಸುತ್ತಾರೆ. ಇವೆಲ್ಲ ತಂಪು ತಪ್ಪದಿದ್ದಾಗಿನ ಅವಧಿಗಳು. 27 ಡಿಗ್ರಿಗೆ ನಾನು ಯಾವ ಬಿಯರಿಗೂ ವರ್ಷದ ಲೆಕ್ಕ ಹೇಳುವುದಿಲ್ಲ.

ಇನ್ನು ಪೀಪಾಯಿ. ಬೆಲ್ಜಿಯಂನ ರೂಸೆಲಾರೆ ಊರಿನ ಬ್ರೂವರಿ ರೋಡೆನ್‌ಬಾಕ್‌ನಲ್ಲಿ ಹುಳಿ ಬಿಯರ್ ಎರಡು ವರ್ಷ ಓಕ್‌ನಲ್ಲಿ ಕೂರುತ್ತದೆ ಎಂದು ಓದಿ, ಐದು ಲೀಟರಿನ ಅಲಂಕಾರದ ಪೀಪಾಯಿ ತರಿಸುತ್ತಾರೆ. ಅಲ್ಲಿನ ಮರದ ತೊಟ್ಟಿಗಳು ನೂರಾರು ಹೆಕ್ಟೋಲೀಟರಿನವು (ಒಂದು ಹೆಕ್ಟೋಲೀಟರ್ ಅಂದರೆ 100 ಲೀಟರ್). ಪಾತ್ರೆ ಚಿಕ್ಕದಾದಷ್ಟೂ ಪ್ರತಿ ಲೀಟರಿಗೆ ತಾಗುವ ಮರದ ಮೈ ಹೆಚ್ಚು. 200 ಲೀಟರಿನ ಬರ್ಬನ್ ವಿಸ್ಕಿಯ ಪೀಪಾಯಿಗೆ ಹೋಲಿಸಿದರೆ 5 ಲೀಟರಿನದರಲ್ಲಿ ಅದು ಸುಮಾರು ಮೂರೂವರೆ ಪಟ್ಟು. ಹಲಗೆಯೂ ತೆಳು, ಹಾಗಾಗಿ ಗಾಳಿ ಒಳಬರುವುದೂ ಜಾಸ್ತಿ. ದೊಡ್ಡದರಲ್ಲಿ ಸ್ಟೌಟ್ ಆರರಿಂದ ಹನ್ನೆರಡು ತಿಂಗಳು ಕೂರಬಹುದಾದರೆ, ಚಿಕ್ಕದರಲ್ಲಿ ನಮ್ಮ ಸೆಕೆಗೆ ಕೆಲವೇ ವಾರಗಳಲ್ಲಿ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಮನೆಮಾಡಿ ವಿನೆಗರ್ ಆಗುತ್ತದೆ. ಮೂಗಿಗೆ ಉಗುರು ಬಣ್ಣ ತೆಗೆಯುವ ದ್ರವದ ವಾಸನೆ ಬಂತೆಂದರೆ ಇಥೈಲ್ ಅಸಿಟೇಟ್ ಹುಟ್ಟಿದೆ ಎಂದರ್ಥ, ಆಮೇಲೆ ಅದನ್ನು ಉಳಿಸಲಾಗದು.

ಪರವಾನಗಿ ಇರುವ ಬ್ರೂವರಿಯವರಿಗೆ ನನ್ನ ಸಲಹೆ, ಪೀಪಾಯಿ ಬಿಟ್ಟು ಸ್ಟೀಲ್ ಪಾತ್ರೆಗೆ ಓಕ್ ತುಣುಕು ಹಾಕಿ. 20 ಲೀಟರಿಗೆ 30ರಿಂದ 60 ಗ್ರಾಂ, ಮಧ್ಯಮವಾಗಿ ಹುರಿದದ್ದು, 15 ನಿಮಿಷ ಹಬೆಯಲ್ಲಿಟ್ಟು ಹಾಕಿದರೆ ನಾಲ್ಕರಿಂದ ಎಂಟು ವಾರದಲ್ಲಿ ವೆನಿಲ್ಲಾ, ತೆಂಗಿನ ಪರಿಮಳ ಬರುತ್ತದೆ. ಎರಡನೇ ವಾರದಿಂದ ರುಚಿ ನೋಡುತ್ತಿರಿ, ಒಗರು ಏರುವ ಮುನ್ನ ತೆಗೆಯಿರಿ. ಓಕ್ ದುಬಾರಿ, ನಮ್ಮಲ್ಲಿ ತೇಗಕ್ಕೆ, ಹಲಸಿಗೆ ಬರವೇ ಎಂದು ಶಿರಸಿ, ಯಲ್ಲಾಪುರದ ಕಡೆಯವರು ಪ್ರೀತಿಯಿಂದ ಕೇಳುತ್ತಾರೆ. ತೇಗ ದೋಣಿಗೂ ಬಾಗಿಲಿಗೂ ಒಳ್ಳೆಯದು, ಅದರ ಎಣ್ಣೆಯಂಶ ಬಿಯರಿಗೆ ಬೇಡ. ಹಲಸಿನ ಕಟ್ಟಿಗೆ ಬಟ್ಟೆಗೆ ಹಳದಿ ಬಣ್ಣ ಹಾಕಲು ಬಳಸುವಂಥದ್ದು, ಆ ಬಣ್ಣ ನಿಮ್ಮ ಗ್ಲಾಸಿಗೂ ಇಳಿಯುತ್ತದೆ.

ಹಾಗಾದರೆ ಕರಾವಳಿಯಲ್ಲಿ ಏನು ಮಾಡಬೇಕು? ಕೋಣೆ ತೋಡಿಸುವ ದುಡ್ಡಿನ ಸಣ್ಣ ಪಾಲಿನಲ್ಲಿ ಒಂದು ಫ್ರಿಜ್ ಮತ್ತು ಹೊರಗಿನಿಂದ ಜೋಡಿಸುವ ಥರ್ಮೋಸ್ಟಾಟ್ ಕೊಳ್ಳಿ. ಫ್ರಿಜ್‌ನ ಪ್ಲಗ್ಗನ್ನು ಥರ್ಮೋಸ್ಟಾಟ್ ಮೂಲಕ ಕೊಟ್ಟು 12 ಡಿಗ್ರಿಗೆ, 2 ಡಿಗ್ರಿ ಅಂತರಕ್ಕೆ (ಅಷ್ಟು ಏರಿದ ಮೇಲಷ್ಟೇ ಮತ್ತೆ ಶುರುವಾಗುವಂತೆ) ಹೊಂದಿಸಿ. ಕಂಪ್ರೆಸರ್ ಮತ್ತೆ ಶುರುವಾಗಲು ಕನಿಷ್ಠ 5 ನಿಮಿಷದ ತಡೆ ಇರಲಿ, ಇಲ್ಲವಾದರೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ ಸುಟ್ಟೀತು. ಸೆನ್ಸರನ್ನು ಗಾಳಿಯಲ್ಲಿ ತೂಗುಬಿಡಬೇಡಿ. ನೀರು ತುಂಬಿದ ಬಾಟಲಿಯೊಂದಕ್ಕೆ ಟೇಪ್ ಹಚ್ಚಿ ಅಂಟಿಸಿ. ಬಾಗಿಲು ತೆಗೆದಾಗಲೆಲ್ಲ ಅದು ಗಾಬರಿಬೀಳದೆ, ಬಿಯರಿನ ನಿಜವಾದ ಉಷ್ಣಾಂಶವನ್ನೇ ಓದುತ್ತದೆ. ತುಂಬಿದ ಫ್ರಿಜ್ ತಂಪನ್ನು ಹೆಚ್ಚು ಹೊತ್ತು ಹಿಡಿಯುತ್ತದೆ, ಖಾಲಿ ಜಾಗಕ್ಕೂ ನೀರಿನ ಬಾಟಲಿ ತುಂಬಿ.

ಬಾಟಲಿಗಳನ್ನು ನಿಲ್ಲಿಸಿಯೇ ಇಡಿ. ಗಾಜಿನ ಬಾಗಿಲಿನ ಫ್ರಿಜ್ ಬೇಡ: ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ದುರ್ನಾತ ಹುಟ್ಟುತ್ತದೆ. ಕಂದು ಗಾಜು ಬಹಳಷ್ಟು ತಡೆಯುತ್ತದೆ, ಹಸಿರು ಗಾಜು ಹೆಚ್ಚೇನೂ ತಡೆಯುವುದಿಲ್ಲ, ಬಿಳಿ ಗಾಜು ಏನನ್ನೂ ತಡೆಯುವುದಿಲ್ಲ. ಕಡಲ ಗಾಳಿಗೆ ಮುಚ್ಚಳದ ಅಂಚಿನಲ್ಲಿ ತುಕ್ಕು ಹಿಡಿಯುವುದು ನಮ್ಮ ಕಡೆಯ ವಿಶೇಷ ಕಾಟ. ಒಳಗಿಡುವ ಮುನ್ನ ಬಾಟಲಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಉಪ್ಪಿನಂಶ ತೆಗೆದು, ಒಣಗಿಸಿ, ಮುಚ್ಚಳದ ಸುತ್ತ ಕರಗಿಸಿದ ಮೇಣ ಸವರಿ. ತುಕ್ಕು ಮುಚ್ಚಳದ ನೆರಿಗೆಯೊಳಗೆ ಇಳಿದಿದ್ದರೆ ಆ ಬಾಟಲಿಯನ್ನು ಕಾಯಬೇಡಿ, ಮೊದಲು ಅದನ್ನೇ ತೆರೆಯಿರಿ.

ಒಂದೇ ಬಾಟಲಿ ಇಟ್ಟು ಹತ್ತು ವರ್ಷ ಕಾಯುವುದಕ್ಕೆ ಅರ್ಥವಿಲ್ಲ. ಒಂದೇ ಬ್ಯಾಚಿನ ಆರು ಬಾಟಲಿ ತಂದು, ದಿನಾಂಕ ಬರೆದು, ಒಂದನ್ನು ಕೂಡಲೇ ಕುಡಿದು ರುಚಿ ಬರೆದಿಡಿ. ಆಮೇಲೆ ವರ್ಷಕ್ಕೊಂದು ತೆರೆಯಿರಿ. ಹಿಂದಿನದಕ್ಕಿಂತ ಈ ಸಲದ್ದು ಸಪ್ಪೆ ಅನಿಸಿದರೆ ಉಳಿದವನ್ನು ಆ ತಿಂಗಳೇ ಮುಗಿಸಿ.

ಹಳೆಯ ಬಿಯರ್ ವಿಷವಾಗುತ್ತದೆ ಎಂಬ ಭಯ ಸಾಮಾನ್ಯವಾಗಿ ಬೇಡ. ಹುಳಿ, ಮದ್ಯ, ಹಾಪ್ಸ್ ಮೂರೂ ಸೇರಿ ರೋಗಾಣುಗಳನ್ನು ಬೆಳೆಯಗೊಡುವುದಿಲ್ಲ. ಭಯಪಡಬೇಕಾದ್ದು ಒತ್ತಡಕ್ಕೆ. ಯೀಸ್ಟ್ ಇರುವ ಬಾಟಲಿ ಸೆಕೆಯಲ್ಲಿ ಬಹುಕಾಲ ಇದ್ದರೆ, ಅಥವಾ ಮುಚ್ಚಳ ಮೇಲಕ್ಕೆ ಉಬ್ಬಿದಂತೆ ಕಂಡರೆ, ದಪ್ಪ ಟವೆಲ್ ಸುತ್ತಿ ಎತ್ತಿ 3 ಡಿಗ್ರಿಯ ಫ್ರಿಜ್‌ನಲ್ಲಿ ಎರಡು ದಿನ ನಿಲ್ಲಿಸಿ. ಮುಖವನ್ನು ದೂರವಿಟ್ಟು, ಸಿಂಕಿನೊಳಗೆ, ಟವೆಲ್ ಬಿಚ್ಚದೆಯೇ ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಗಾಳಿ ಪೂರ್ತಿ ಹೋಗುವವರೆಗೆ ಕೈ ಬಿಡಬೇಡಿ.